ಓದು ಹತ್ತದ ಮಕ್ಕಳಿಗೆ ಮನೆಯ ಪಾಠ



ಬೀಜ, ಗೊಬ್ಬರ, ಔಷಧಿಗಳ ವಿಷಯವನ್ನೇ ಬರೆಯುವ ಗ್ರಾಮಸೇವಕನು ಈ ಸಲ ಮಕ್ಕಳ ಓದಿನ ಮಾತೆತ್ತಿರುವುದಕ್ಕೆ ಕಾರಣವುಂಟು. "ಇವನಿಗೆ ವಿದ್ಯೆ ಹತ್ತಲಿಲ್ಲ ಸ್ವಾಮಿ, ಕುರಿ ಹಿಂದೆ ಕಳಿಸುತ್ತೇನೆ" ಎಂಬ ಮಾತನ್ನು ಹಳ್ಳಿಗಳಲ್ಲಿ ತಿರುಗುವಾಗ ಮತ್ತೆ ಮತ್ತೆ ಕೇಳುತ್ತೇನೆ. ಆ ಹುಡುಗ ಸಂತೆಯ ಲೆಕ್ಕವನ್ನು ಬಾಯಲ್ಲೇ ಹಾಕುತ್ತಾನೆ. ಪಂಪಿನ ಮೋಟಾರು ನಿಂತರೆ ಎಲ್ಲಿ ಕೆಟ್ಟಿದೆಯೆಂದು ಹೇಳುತ್ತಾನೆ. ಪುಸ್ತಕ ಬಿಚ್ಚಿದರೆ ಮಾತ್ರ ಬಾಯಿ ಕಟ್ಟುತ್ತದೆ. ಇಂಥವನನ್ನು ದಡ್ಡನೆನ್ನುವುದು ಸರಿಯಲ್ಲ. ನಾಳೆ ಹೊಲದ ಯಜಮಾನ ಇವನೇ. ಕೀಟನಾಶಕದ ಡಬ್ಬಿಯ ಮೇಲಿನ ಚೀಟಿ, ಪಹಣಿ, ಸೊಸೈಟಿಯ ಸಾಲಪತ್ರ ಇವನ್ನೆಲ್ಲ ಇನ್ನೊಬ್ಬರಿಂದ ಓದಿಸಿಕೊಂಡು ಹೆಬ್ಬೆಟ್ಟು ಒತ್ತುವ ಸ್ಥಿತಿ ಬಂದರೆ ನಷ್ಟ ಯಾರಿಗೆಂದು ತಾವೇ ಬಲ್ಲಿರಿ.

ಬುದ್ಧಿ ಚೆನ್ನಾಗಿದ್ದೂ ಓದು ಮಾತ್ರ ಹತ್ತದಿರುವ ಈ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. ೧೮೯೬ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ೧೪ ವರ್ಷದ ಹುಡುಗನೊಬ್ಬನ ವಿಷಯವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಡುಗ ಚುರುಕು, ಲೆಕ್ಕದಲ್ಲಿ ಜಾಣ, ಕಣ್ಣಿನಲ್ಲಿ ದೋಷವಿಲ್ಲ. ವರ್ಷಗಟ್ಟಲೆ ಪಾಠ ಹೇಳಿದರೂ ಸಣ್ಣ ಸಣ್ಣ ಪದಗಳನ್ನು ಓದಲಾರ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಮೊದಲಿಗ ಎಂದು ಅವನ ಮೇಷ್ಟರ ಅಭಿಪ್ರಾಯವಾಗಿತ್ತು. ಮಾತಿನೊಳಗಿನ ಸದ್ದನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಕೆಲಸ ಇಂಥ ಮಕ್ಕಳ ಮಿದುಳಿಗೆ ಕಷ್ಟ. ಇದು ಹುಟ್ಟಿನಿಂದ ಬರುವಂಥದು. ಅನೇಕ ವೇಳೆ ವಂಶದಲ್ಲಿಯೂ ಇರುತ್ತದೆ. ತಂದೆಗೋ ಸೋದರಮಾವನಿಗೋ ಇದ್ದಿರಬಹುದು. ಹೆಣ್ಣುಮಕ್ಕಳಲ್ಲಿಯೂ ಉಂಟು, ಆದರೆ ಅವರು ಮೂಲೆಯಲ್ಲಿ ಸುಮ್ಮನೆ ಕುಳಿತಿರುವುದರಿಂದ ಬೇಗ ಕಣ್ಣಿಗೆ ಬೀಳುವುದಿಲ್ಲ.

ಓದಲು ಬಾರದ ಮಕ್ಕಳಿಗೆಲ್ಲ ಇದೇ ತೊಡಕೆಂದು ತಿಳಿಯಬಾರದು. ಸುಗ್ಗಿಗೆ, ಗುಳೆಗೆ ಎಂದು ಶಾಲೆ ಬಿಡಿಸಿದ ಮಗು ಹಿಂದೆ ಬೀಳುವುದು ಸಹಜ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಆಡುವ ಮಗುವಿಗೆ ಕನ್ನಡದ ಪುಸ್ತಕ ಮೊದಮೊದಲು ಹೊಸದು. ಆದುದರಿಂದ ಮೊದಲು ಕಣ್ಣು, ಕಿವಿ ತೋರಿಸಿರಿ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ಬಂದ ದಿನ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿರಿ.

ನಮ್ಮ ಲಿಪಿಯ ಭಾರವನ್ನೂ ನೆನೆಯಬೇಕು. ೩೪ ವ್ಯಂಜನಗಳಿಗೆ ೧೫ರಂತೆ ಕಾಗುಣಿತ ಹಾಕಿದರೆ ೫೧೦ ರೂಪಗಳಾದವು; ಒತ್ತಕ್ಷರ ಬೇರೆ. ಬೆಂಗಳೂರಿನ ಸೊನಾಲಿ ನಾಗ್ ಅವರು ಕನ್ನಡ ಶಾಲೆಗಳಲ್ಲಿ ನಡೆಸಿದ ಸಂಶೋಧನೆಯಿಂದ, ಅಕ್ಷರಗಳೆಲ್ಲ ಕೈವಶವಾಗಲು ಸಾಧಾರಣ ಮಕ್ಕಳಿಗೂ ನಾಲ್ಕು ಐದನೆಯ ತರಗತಿಯವರೆಗೆ ಕಾಲ ಬೇಕೆಂದು ತಿಳಿದುಬಂದಿದೆ. ಎರಡನೆಯ ತರಗತಿಯ ಮಗುವಿಗೆ ಒತ್ತು ತಪ್ಪಿತೆಂದು ಗಾಬರಿಪಡಬೇಕಾಗಿಲ್ಲ. ಆದರೆ ಜೊತೆಯವರೆಲ್ಲ ಓದುತ್ತಿರುವಾಗ ಇವನೊಬ್ಬನು ದೀರ್ಘ ಬಿಟ್ಟು, ಒತ್ತು ನುಂಗಿ, ಮೊದಲಕ್ಷರ ನೋಡಿ ಉಳಿದುದನ್ನು ಊಹಿಸುತ್ತಿದ್ದರೆ ಸಹಾಯವನ್ನು ಅಂದೇ ಆರಂಭಿಸತಕ್ಕದ್ದು.

ಸಹಾಯದ ಮೊದಲ ಭಾಗಕ್ಕೆ ಓದು ಬರಹ ಬೇಕಿಲ್ಲ, ಕಿವಿ ಇದ್ದರೆ ಸಾಕು. ತಾಯಂದಿರು ಕಾಳು ಹಸನು ಮಾಡುತ್ತಲೇ ಆಡಿಸಬಹುದಾದ ಆಟವಿದು. "ಹು" ಎಂದು ಮೊದಲಾಗುವ ಮಾತುಗಳನ್ನು ಹೇಳು ಎನ್ನಿರಿ: ಹುರುಳಿ, ಹುಲ್ಲು, ಹುಣಸೆ. "ತೊಗರಿ"ಯಲ್ಲಿ "ತೊ" ತೆಗೆದರೆ ಏನುಳಿಯಿತು? "ಗರಿ". "ಕಾಲು" ಎಂಬಲ್ಲಿ "ಕಾ" ತೆಗೆದು "ಕೋ" ಇಟ್ಟರೆ? "ಕೋಲು". "ಗಡಿ"ಯನ್ನು ಎಳೆದು ಹೇಳಿದರೆ? "ಗಾಡಿ". "ರಾಗಿ" "ರೋಗಿ"ಯಾಗುವಾಗ ಮಕ್ಕಳು ನಗುತ್ತಾರೆ, ನಗಲಿ. ಸದ್ದು ಕಿವಿಯಲ್ಲಿ ಬಿಡಿಬಿಡಿಯಾಗಿ ಕೇಳಿಸತೊಡಗಿದ ಮೇಲೆ ಅಕ್ಷರಕ್ಕೆ ಹಿಡಿತ ಸಿಗುತ್ತದೆ.

ಎರಡನೆಯದು ಅಕ್ಷರ. ಮನೆಯಲ್ಲಿ ಓದುಬಲ್ಲ ಅಕ್ಕ, ಅಣ್ಣ ಯಾರಾದರೂ ದಿನಕ್ಕೆ ಅರ್ಧ ಗಂಟೆ ಕೊಡಲಿ. ಭಾನುವಾರ ಮೂರು ಗಂಟೆ ಕೂರಿಸುವುದಕ್ಕಿಂತ ದಿನವೂ ಅರ್ಧ ಗಂಟೆ ಲೇಸು. ಅ ಆ ಇ ಈ ಕ್ರಮವೇ ಆಗಬೇಕೆಂದಿಲ್ಲ. ನಲಿ-ಕಲಿ ತರಗತಿಗಳಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಎಂದು ಓದಬಹುದು. ಮಗುವಿಗೆ ಮೊದಲ ವಾರದಲ್ಲೇ "ನಾನು ಓದಿದೆ" ಎಂಬ ಧೈರ್ಯ ಬರುತ್ತದೆ. ಒಂದು ಮೊರದಲ್ಲಿ ರಾಗಿಯನ್ನೋ ನಯವಾದ ಮರಳನ್ನೋ ಹರಡಿ, ಸದ್ದನ್ನು ಬಾಯಲ್ಲಿ ಹೇಳುತ್ತ ಬೆರಳಿನಿಂದ ದೊಡ್ಡದಾಗಿ ತಿದ್ದಿಸಿರಿ. ಹಿಂದೆ ಕೂಲಿಮಠಗಳಲ್ಲಿ ಮರಳ ಮೇಲೆ ತಿದ್ದಿಸುತ್ತಿದ್ದರಷ್ಟೆ. ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಕೂಡಿ ಕಲಿಯುವ ಆ ಪದ್ಧತಿಯನ್ನೇ ಇಂದಿನ ತಜ್ಞರೂ ಈ ಮಕ್ಕಳಿಗೆ ಹೇಳುತ್ತಾರೆ.

ದ, ಧ, ಥ, ಢ ಇವನ್ನು ಒಂದೇ ದಿನ ಹೇಳಿಕೊಡಕೂಡದು. ಪ, ಫ, ಷ ಕೂಡ ಹಾಗೆಯೇ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಒತ್ತಕ್ಷರಕ್ಕೆ ಅಕ್ಕ, ಅಜ್ಜ, ಹಬ್ಬ ಎಂಬ ಮನೆಮಾತಿನಿಂದ ಆರಂಭಿಸಿರಿ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲವಾದ್ದರಿಂದ ಬೇರೆಯಾಗಿ ಕಲಿಸಬೇಕು. ಎಲ್ಲಕ್ಕಿಂತ ಕಾಡುವುದು ಅರ್ಕಾವೊತ್ತು: "ಸೂರ್ಯ" ಎನ್ನುವಾಗ "ರ್" ಸದ್ದು ಮೊದಲು, ಬರೆಯುವಾಗ ಅದರ ಗುರುತು ಕೊನೆಗೆ. ಇದನ್ನು ಅವಸರಪಡಿಸದೆ ಎಲ್ಲದರ ಕೊನೆಗೆ ಇಟ್ಟುಕೊಳ್ಳುವುದು ಮೇಲು.

ಓದಿಸುವಾಗ ಮೊದಲು ಹಿರಿಯರು ಸಾಲಿನ ಕೆಳಗೆ ಬೆರಳಿಟ್ಟು ಓದಲಿ, ಆಮೇಲೆ ಇಬ್ಬರೂ ಕೂಡಿ, ಆಮೇಲೆ ಮಗು ಒಂದೇ. ತಪ್ಪಿದ ಕಡೆಯಲ್ಲೆಲ್ಲ ತಡೆದರೆ ಅರ್ಥ ಹಾರಿಹೋಗುತ್ತದೆ. ಬಂದ ನೆಂಟರ ಮುಂದೆ ಓದಿಸಿ ಪರೀಕ್ಷಿಸಬೇಡಿರಿ. ತಪ್ಪಿಗೆ ನೂರು ಸಲ ಬರೆಸುವುದರಿಂದ ಕೈ ನೋವೇ ಲಾಭ. ಶಾಲೆಯಲ್ಲಿ ಹೊಡೆಯುವುದನ್ನು ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ, ಮನೆಯಲ್ಲಿಯೂ ಬೇಡ. ಬುದ್ಧಿ ಹೆಚ್ಚಿಸುವ ಟಾನಿಕ್ ಎಂದು ಮಾರುವವರಿಗೆ ಹಣ ಕೊಡಬೇಡಿರಿ, ಈ ತೊಡಕಿಗೆ ಔಷಧಿಯಿಲ್ಲ. ಸಮಾಜ, ವಿಜ್ಞಾನದ ಪಾಠಗಳನ್ನು ಯಾರಾದರೂ ಓದಿ ಹೇಳಿದರೆ ಅವನು ಕೇಳಿಯೇ ಕಲಿಯುತ್ತಾನೆ. ಓದು ನಿಧಾನವೆಂದು ಉಳಿದ ವಿದ್ಯೆ ನಿಲ್ಲಬಾರದು.

ಆರು ತಿಂಗಳು ಹೀಗೆ ನಡೆಸಿಯೂ ಮುಂದುವರಿಯದಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿರಿ; ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಅಲ್ಲಿ ಶಿಕ್ಷಕರಿರುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದರ ಪರೀಕ್ಷೆಯುಂಟು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಲಿಕೆಯ ತೊಡಕನ್ನೂ ಸೇರಿಸಿದ್ದಾರೆ. ಪ್ರಮಾಣಪತ್ರವಿದ್ದರೆ ನಿಯಮದಂತೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನೂ ಉತ್ತರ ಬರೆಯಲು ಲಿಪಿಕಾರರನ್ನೂ ಕೇಳಬಹುದು. ಆದರೆ ಹತ್ತನೆಯ ತರಗತಿಯವರೆಗೆ ಕಾಯದೆ ಮುಂಚಿತವಾಗಿ ಹೋಗಿರಿ; ಹೋಗುವಾಗ ಮಗುವಿನ ಕಳೆದ ಎರಡು ವರ್ಷದ ನೋಟುಪುಸ್ತಕಗಳನ್ನು, ತಪ್ಪುಗಳಿದ್ದ ಹಾಗೆಯೇ, ಜೊತೆಗೆ ಒಯ್ಯಿರಿ.