ಮಹಾವೀರಾಚಾರ್ಯನ ಸಮಾಗಮಸೂತ್ರ: ಒಂದು ಪಾಠವಿಚಾರ

ಶಾಸ್ತ್ರಗ್ರಂಥದ ಪಾಠನಿರ್ಣಯಕ್ಕೆ ವ್ಯಾಕರಣ, ಛಂದಸ್ಸುಗಳಷ್ಟೇ ಸಾಲವು. ಗಣಿತಗ್ರಂಥವಾದರೆ ಲೆಕ್ಕವನ್ನು ಮಾಡಿಯೇ ನೋಡಬೇಕು. 12ನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ವು ಕನ್ನಡದಲ್ಲೇ ಇದ್ದರೂ ನಮ್ಮಲ್ಲಿ ಅನೇಕರಿಗೆ ಹೆಸರು ಮಾತ್ರವಾಗಿ ಉಳಿದಿರುವುದು ಲೆಕ್ಕದ ಅಂಜಿಕೆಯಿಂದಲೇ ಇರಬೇಕು.

ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಪ್ರಕಟಿಸಿದರು. ದಾರಿಗರಿಬ್ಬರ ಸಮಾಗಮಕಾಲವನ್ನು ಕುರಿತ ಸೂತ್ರವೊಂದು ಅದರಲ್ಲಿದೆ. ಸ್ಥಿರಗತಿಯಿಂದ ಮತ್ತೊಬ್ಬನ ಮೊದಲ ದಿನದ ಗತಿಯನ್ನು ಕಳೆದು, ಅವನ ದಿನದಿನದ ಹೆಚ್ಚಳದ ಅರ್ಧದಿಂದ ಭಾಗಿಸಿ, ಒಂದನ್ನು ಕೂಡಿಸಬೇಕೆಂಬುದು ಅದರ ತಾತ್ಪರ್ಯ.

ನಮ್ಮದೇ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಇಬ್ಬರು ಒಂದೇ ಊರಿನಿಂದ, ಒಂದೇ ದಿಕ್ಕಿಗೆ, ಒಟ್ಟಿಗೆ ಹೊರಡುತ್ತಾರೆ. ಒಬ್ಬನು ದಿನಕ್ಕೆ 8 ಮೈಲಿ ನಡೆಯುವನು; ಮತ್ತೊಬ್ಬನು ಮೊದಲ ದಿನ 2, ಅನಂತರ 4, 6, ಹೀಗೆ ಏರಿಸುತ್ತ ಹೋಗುವನು. ಕೂಡುವ ದಿನಗಳ ಸಂಖ್ಯೆ ‘ದ’ ಆಗಿರಲಿ. ಗತಿಯನ್ನು ಕಾಲದಿಂದ ಗುಣಿಸಿದರೆ ದೂರ, ಮೊದಲನೆಯವನದು 8ದ. ಎರಡನೆಯವನು ಕೊನೆಯ ದಿನ ನಡೆಯುವುದು 2ದ ಮೈಲಿಯಾದ್ದರಿಂದ ಅವನ ಸರಾಸರಿ ಗತಿ (2 + 2ದ) ÷ 2, ಅಂದರೆ ದ + 1. ದೂರ ದ(ದ + 1). ಇವೆರಡನ್ನೂ ಸಮವೆಂದಾಗ ವರ್ಗಸಮೀಕರಣವೇ ಎದುರಾದಂತೆ ತೋರುತ್ತದೆ. ಆದರೆ ಹೊರಟ ಕ್ಷಣದ ಸೊನ್ನೆಯನ್ನು ಬಿಟ್ಟು, ಎರಡು ಕಡೆಯನ್ನೂ ದ-ದಿಂದ ಭಾಗಿಸಿದರೆ ಉಳಿಯುವುದು ದ + 1 = 8 ಎಂಬ ಸರಳ ಸಮೀಕರಣ. ಏಳನೆಯ ದಿನದ ಕೊನೆಗೆ ಇಬ್ಬರೂ 56ನೆಯ ಮೈಲಿಯಲ್ಲಿರುತ್ತಾರೆ. ಸೂತ್ರವೂ (8 – 2) ÷ 1 + 1 = 7 ಎನ್ನುತ್ತದೆ.

ಲಿಪಿಕಾರನ ಕೈತಪ್ಪಿನಿಂದ ‘ಒಂದನ್ನು ಕೂಡಿಸು’ ಎಂಬುದು ಬಿಟ್ಟುಹೋಯಿತೆನ್ನಿ. ಛಂದೋಭಂಗದಿಂದ ಅಲ್ಲಿ ಏನೋ ಲೋಪವಿದೆಯೆಂದು ತಿಳಿದೀತು. ಲೋಪವಾದುದು ಏನೆಂಬುದನ್ನು ಛಂದಸ್ಸು ಹೇಳಲಾರದು. ಆಗ ಉತ್ತರ 6 ಬರುತ್ತದೆ. ಆರನೆಯ ದಿನದ ಕೊನೆಗೆ ಒಬ್ಬನು 48 ಮೈಲಿ ನಡೆದಿರುತ್ತಾನೆ, ಇನ್ನೊಬ್ಬನು 42.