ಕೆಂಪು ರಕ್ತಕಣದ ಇನ್ನೊಂದು ಕೆಲಸ

ಮಕ್ಕಳೇ, ಕೆಂಪು ರಕ್ತಕಣಗಳು ಆಮ್ಲಜನಕವನ್ನು ಸಾಗಿಸುತ್ತವೆ ಎಂದು ಪಾಠದಲ್ಲಿ ಓದಿದ್ದೀರಿ. ಅವು ಕಸವನ್ನೂ ಸಾಗಿಸುತ್ತವೆ! ರೋಗಾಣುವಿಗೆ ಪ್ರತಿಕಾಯಗಳು ಅಂಟಿಕೊಂಡು, ಅವುಗಳ ಮೇಲೆ ರಕ್ತದಲ್ಲಿರುವ 'ಕಾಂಪ್ಲಿಮೆಂಟ್' ಎಂಬ ಪ್ರೋಟೀನು ಕೂತಾಗ ಒಂದು ಸಣ್ಣ ಮುದ್ದೆಯಾಗುತ್ತದೆ. ಕೆಂಪು ಕಣದ ಮೈಮೇಲೆ 'ಸಿ.ಆರ್. 1' ಎಂಬ ಗ್ರಾಹಕಗಳಿವೆ. ಇವನ್ನು ಕೊಕ್ಕೆಗಳೆಂದುಕೊಳ್ಳಿ. ಕಣವು ಮುದ್ದೆಯನ್ನು ಕೊಕ್ಕೆಗೆ ಸಿಕ್ಕಿಸಿಕೊಂಡು ಯಕೃತ್ತಿಗೆ ಒಯ್ಯುತ್ತದೆ. ಅಲ್ಲಿನ ಭಕ್ಷಕ ಕೋಶಗಳು ಮುದ್ದೆಯನ್ನು ಕಿತ್ತು ನುಂಗುತ್ತವೆ.

ಲೂಪಸ್ ಎಂಬ ಕಾಯಿಲೆಯಲ್ಲಿ ದೇಹವು ತನ್ನದೇ ಜೀವಕೋಶಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಮುದ್ದೆಗಳು ಹೆಚ್ಚುತ್ತವೆ, ಕೊಕ್ಕೆಗಳೋ ಕಡಿಮೆ. ಉಳಿದ ಮುದ್ದೆಗಳು ಮೂತ್ರಪಿಂಡದಲ್ಲಿ ಸಿಕ್ಕಿಕೊಂಡು ಹಾನಿ ಮಾಡುತ್ತವೆ.

ಕೊಕ್ಕೆಗಳು ಹುಟ್ಟಿನಿಂದಲೇ ಕಡಿಮೆಯೋ, ಕಾಯಿಲೆಯಿಂದ ಕಡಿಮೆಯಾದವೋ? ಲೂಪಸ್ ರೋಗಿಗಳಿಗೆ ಆರೋಗ್ಯವಂತರ ರಕ್ತ ಕೊಟ್ಟಾಗ ಏನಾಗುತ್ತದೆಂದು ಬ್ರಿಟನ್ನಿನ ವಿಜ್ಞಾನಿಗಳು ನೋಡಿದರು. 1987ರಲ್ಲಿ ಅವರು ಪ್ರಕಟಿಸಿದ ಉತ್ತರ ಸ್ವಾರಸ್ಯವಾಗಿದೆ: ಹೊಸ ಕಣಗಳೂ ರೋಗಿಯ ದೇಹದಲ್ಲಿ ಕೊಕ್ಕೆ ಕಳೆದುಕೊಂಡವು! ಅಂದರೆ ಕಾಯಿಲೆಯೇ ಕೊಕ್ಕೆ ಕೀಳುತ್ತದೆ.

ಲೂಪಸ್ ಅಂಟುರೋಗವಲ್ಲ. ಹೆಂಗಸರಲ್ಲಿ ಹೆಚ್ಚು. ಬಿಸಿಲಿಗೆ ಹಲವರ ಮುಖದಲ್ಲಿ ಚಿಟ್ಟೆಯಾಕಾರದ ಕೆಂಪು ಕಲೆ ಏಳುತ್ತದೆ. ಕುರುಗೋಡಿನ ಬಿಸಿಲು ನಿಮಗೆ ಗೊತ್ತೇ ಇದೆಯಲ್ಲ! ಈ ಕಾಯಿಲೆಯಿರುವ ಅಕ್ಕನೋ ಚಿಕ್ಕಮ್ಮನೋ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೊರಟರೆ ತುಂಬುತೋಳಿನ ಅಂಗಿ, ತಲೆಗೆ ಸೆರಗು ಬೇಕು. ನಡುಮಧ್ಯಾಹ್ನ ನೆರಳೇ ಲೇಸು.