ಮೊದಲು ಪಕ್ಕದಲ್ಲಿ ಕೂತು ನುಡಿಸು

ಏನೋ ಮರಿ, ಕೀಬೋರ್ಡ್ ಹಿಡಿದು ಎರಡು ವರ್ಷ ಆಗಿಲ್ಲ, ಆಗಲೇ ಸ್ವಂತ ಬ್ಯಾಂಡು, ಅದಕ್ಕೊಂದು ಹೆಸರು, ಆ ಹೆಸರು ಹಾಕಿದ ಟೀ ಶರ್ಟು! ನುಡಿಸೋಕೆ ಹಾಡು ಮಾತ್ರ ಇನ್ನೂ ಮೂರೇ. ಮುಖ ಊದಿಸ್ಕೋಬೇಡ. ನಿನ್ನ ಕೈ ಚೆನ್ನಾಗಿದೆ, ಅದಕ್ಕೇ ಹೇಳ್ತಿದೀನಿ. ಇಲ್ಲದಿದ್ದರೆ ಕಾಫಿ ಕೊಟ್ಟು ಕಳಿಸಿಬಿಡ್ತಿದ್ದೆ.

ಬಾಯಿ ತೆರೆದರೆ ಜಾಝ್ ಫ್ಯೂಷನ್ ಅಂತೀಯಲ್ಲ, ಅದರ ದೊಡ್ಡಪ್ಪ ಜೋ ಜಾವಿನುಲ್ ಹೇಗೆ ಬೆಳೆದ ಅಂತ ವಿಚಾರಿಸಿದೀಯಾ? 1932ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಕೈಗೆ ಸಿಕ್ಕಿದ್ದು ಅಕಾರ್ಡಿಯನ್, ನನ್ನ ಹಾರ್ಮೋನಿಯಂ ಪೆಟ್ಟಿಗೆಯ ದಾಯಾದಿ. ಇದ್ದ ದನಿ ಸಾಕಾಗಲಿಲ್ಲ. ಬಿಲಿಯರ್ಡ್ಸ್ ಮೇಜಿನ ಹಸಿರು ಬಟ್ಟೆಯ ಚೂರೊಂದನ್ನು ಎಗರಿಸಿ ತಂದು ಒಳಗೆ ಅಂಟಿಸಿದ. ದನಿಯೇ ಬದಲಾಯಿತು. ನಿನ್ನ ಪೆಟ್ಟಿಗೆಯಲ್ಲಿ ಕಂಪನಿಯವರೇ ನೂರಾರು ದನಿ ತುಂಬಿ ಕೊಟ್ಟಿದಾರೆ. ಒಂದನ್ನಾದರೂ ತಿದ್ದಿ ನೋಡಿದೀಯಾ?

1959ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಬಾಸ್ಟನ್ನಿನ ಬರ್ಕ್ಲಿಗೆ ಹೋದ. ಕೆಲವೇ ವಾರಕ್ಕೆ ಅದನ್ನು ಬಿಟ್ಟು ಮೇನಾರ್ಡ್ ಫರ್ಗ್ಯುಸನ್ ಬ್ಯಾಂಡ್ ಸೇರಿದ. ನೋಡು, ಕಿವಿ ನೆಟ್ಟಗಾಯಿತು! ಕಾಲೇಜು ಬಿಡೋಕೆ ಇದನ್ನು ಸಾಕ್ಷಿ ಮಾಡ್ಕೋಬೇಡ. ಅವನು ಊರಲ್ಲೇ ವರ್ಷಗಟ್ಟಲೆ ನುಡಿಸಿ ಪಳಗಿದ್ದ. ಬಿಟ್ಟು ಹೋದದ್ದೂ ಇನ್ನೊಬ್ಬರ ಪಕ್ಕದಲ್ಲಿ ಕೂತು ನುಡಿಸೋಕೆ. ಆಮೇಲೆ ಸುಮಾರು ಎರಡು ವರ್ಷ ಗಾಯಕಿ ಡೈನಾ ವಾಷಿಂಗ್ಟನ್‌ಗೆ ಸಾಥ್. 1961ರಿಂದ ಒಂಬತ್ತು ವರ್ಷ ಕ್ಯಾನನ್‌ಬಾಲ್ ಆಡರ್ಲಿ ತಂಡ. 1966ರಲ್ಲಿ ಆ ತಂಡಕ್ಕೆ ‘ಮರ್ಸಿ, ಮರ್ಸಿ, ಮರ್ಸಿ’ ಕಟ್ಟಿಕೊಟ್ಟ. ಅದರಲ್ಲಿ ನುಡಿಸಿದ್ದು ಎಲೆಕ್ಟ್ರಿಕ್ ಪಿಯಾನೊ. ಮರುವರ್ಷ ಅದು ಅಮೆರಿಕದ ಪಾಪ್ ಪಟ್ಟಿಯಲ್ಲಿ 11ನೇ ಸ್ಥಾನಕ್ಕೆ ಹತ್ತಿತು. ಪ್ಲೇಟಿನ ಮೇಲೆ ದೊಡ್ಡಕ್ಷರದಲ್ಲಿದ್ದದ್ದು ಯಜಮಾನನ ಹೆಸರು. ಇವನು ಮುನಿಸಿಕೊಂಡು ಎದ್ದು ಬರಲಿಲ್ಲ.

ನನಗೆ ಆ ತಾಳ್ಮೆ ಇರಲಿಲ್ಲ ಕಣೋ. ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂಗೆ ಕೂತ ಹೊಸತು, ಹತ್ತೊಂಬತ್ತರ ಹುಮ್ಮಸ್ಸು. ಒಂದು ರಾತ್ರಿ ರಾಜನ ಪಾರ್ಟಿನವನು ಉಸಿರು ಎಳೆಯುವ ಜಾಗದಲ್ಲೆಲ್ಲ ನನ್ನ ಚಮತ್ಕಾರ ತುರುಕಿದೆ. ಚಪ್ಪಾಳೆ ಬಿತ್ತು. ರಾಜ ಮುಂದಿನ ಸಾಲು ಮರೆತ. ಮೇಷ್ಟ್ರು ಬೈಯಲಿಲ್ಲ, ಮಾರನೇ ದಿನದಿಂದ ಒಂದು ತಿಂಗಳು ತಾಳ ಕುಟ್ಟೋಕೆ ಕೂರಿಸಿದರು.

ಜಾವಿನುಲ್‌ಗೂ ಒಬ್ಬ ಮೇಷ್ಟ್ರು ಸಿಕ್ಕಿದ. 1969ರಲ್ಲಿ ಮೈಲ್ಸ್ ಡೇವಿಸ್ ಇವನ ‘ಇನ್ ಎ ಸೈಲೆಂಟ್ ವೇ’ ರೆಕಾರ್ಡ್ ಮಾಡುವಾಗ, ಇವನು ಪೋಣಿಸಿದ್ದ ಕಾರ್ಡ್‌ಗಳನ್ನೆಲ್ಲ ಹೆಚ್ಚುಕಮ್ಮಿ ಕಿತ್ತುಹಾಕಿಸಿ, ಒಂದೇ ಶ್ರುತಿಯ ಮೇಲೆ ಹಾಡು ನಿಲ್ಲಿಸಿದ. ನಮ್ಮ ತಂಬೂರಿ ಮೀಟಿದ ಹಾಗೆ ಅನ್ನು. ಕಟ್ಟಿದವನಿಗೆ ಅದು ರುಚಿಸಲಿಲ್ಲ. ಜನ ಹಿಡಿದುಕೊಂಡದ್ದು ಆ ಬೋಳು ಹಾಡನ್ನೇ. ನಿನ್ನೆ ನಿನ್ನ ಹಾಡಿನಲ್ಲಿ ಎರಡು ಕಾರ್ಡ್ ಜಾಸ್ತಿಯಾಯ್ತು ಅಂದದ್ದಕ್ಕೆ ಊಟ ಬಿಟ್ಟು ಎದ್ದೆಯಲ್ಲ, ನೆನಪಾಯ್ತು.

ವೇಯ್ನ್ ಶಾರ್ಟರ್, ಮಿರೊಸ್ಲಾವ್ ವಿಟೌಸ್ ಜೊತೆ ‘ವೆದರ್ ರಿಪೋರ್ಟ್’ ಕಟ್ಟಿದ್ದು 1970ರಲ್ಲಿ. ಆಗ ವಯಸ್ಸು ಮೂವತ್ತೆಂಟು. ನೀನು ಮೊಬೈಲಲ್ಲಿ ಹಗಲೂ ರಾತ್ರಿ ಹಾಕ್ಕೊಳ್ಳೋ ‘ಬರ್ಡ್‌ಲ್ಯಾಂಡ್’ ಬಂದದ್ದು 1977ರಲ್ಲಿ. ನಿನಗಿನ್ನೂ ಇಪ್ಪತ್ತು.

ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಇನ್ನೊಂದಕ್ಕೆ. ಹೆಸರು ಬಂದ ಮೇಲೂ ತನ್ನ ಆರ್ಪ್ 2600 ಸಿಂಥಸೈಜರನ್ನು ಉಲ್ಟಾ ಮಾಡಿಕೊಂಡ. ಮಂದ್ರ ಬಲಕ್ಕೆ, ತಾರ ಎಡಕ್ಕೆ. ಬೆರಳು ರೂಢಿಯ ದಾರಿಯಲ್ಲೇ ಓಡುತ್ತೆ, ಕಿವಿಗೆ ಬೀಳೋದು ಬೇರೇನೋ. 1976ರ ‘ಬ್ಲ್ಯಾಕ್ ಮಾರ್ಕೆಟ್’ ಹಾಗೆ ನುಡಿಸಿದ್ದು. ನಲವತ್ತು ದಾಟಿದ ವಿದ್ವಾಂಸ, ಅ ಆ ಇ ಈ ತಿದ್ದೋ ಮಗುವಿನ ಹಾಗೆ!

ಭಾನುವಾರ ಸಂಜೆ ನಿಮ್ಮಜ್ಜಿಯ ಭಜನಾ ಮಂಡಳಿ ಇದೆ. ಶ್ರುತಿ ಜಾರುತ್ತೆ, ತಾಳ ಅವರವರ ಇಷ್ಟ. ಆರು ಗಂಟೆಗೆ ಕೀಬೋರ್ಡ್ ತಗೊಂಡು ಬಾ, ಅವರ ಹಿಂದೆ ಕೂತು ನುಡಿಸು. ಟೀ ಶರ್ಟ್ ಮನೇಲೇ ಇರಲಿ.